ಹರ್ಕ್ಯುಲಿಸನ ಸಂಕೋಲೆ, ಅಶ್ವತ್ಥಾಮನ ಹಣೆ

ಧಾರವಾಡದ ಸಪ್ತಾಪುರ ಬಾವಿ, ಮಿಚಿಗನ್ ಕಂಪೌಂಡ್ ಸುತ್ತಮುತ್ತ ನಡೆದಾಡಿದರೆ ಕಣ್ಣಿಗೆ ಬೀಳುವುದೆಲ್ಲ ಕೋಚಿಂಗ್ ಕ್ಲಾಸಿನ ಬೋರ್ಡುಗಳು. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಟಿಇಟಿ. ಬೆಳಗಾವಿ, ಬಾಗಲಕೋಟೆ, ರಾಯಚೂರು, ಕೊಪ್ಪಳದ ಹಳ್ಳಿಗಳಿಂದ ಬಂದ ಹುಡುಗರು ಇಲ್ಲಿ ಕೋಣೆ ಹಿಡಿದು, ಖಾನಾವಳಿಯ ರೊಟ್ಟಿ ತಿಂದು, ವರ್ಷಗಟ್ಟಲೆ ಓದುತ್ತಾರೆ. ನಮ್ಮ ಮನೆಯ ಮಾಳಿಗೆಯ ಎರಡು ಕೋಣೆಗಳಲ್ಲೂ ಅಂಥವರು ಐದು ಮಂದಿ ಇದ್ದಾರೆ. ಆಷಾಢದ ಒಂದು ರಾತ್ರಿ, ಧಾರವಾಡದ ಜಿಟಿಜಿಟಿ ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ಮೇಲಿನ ಟಾಕಿ ತುಂಬಿ ಸುರಿಯುತ್ತಿದೆ ಎಂದು ಹೇಳಲು ಹತ್ತಿ ಹೋದೆ. ಕಬ್ಬಿಣದ ಟ್ರಂಕಿನ ಮೇಲೆ ಲ್ಯಾಪ್‌ಟಾಪು, ಅದರ ಮುಂದೆ ಕಂಬಳಿ ಹೊದ್ದ ಐದು ತಲೆಗಳು. ‘ಬರ್ರಿ ಸರ್ರ, ಕೂಡ್ರಿ’ ಎಂದು ಜಾಗ ಮಾಡಿಕೊಟ್ಟರು.

ಓಡುತ್ತಿದ್ದುದು 2014ರ ‘ಹರ್ಕ್ಯುಲಿಸ್’. ಬ್ರೆಟ್ ರ‍್ಯಾಟ್ನರ್ ನಿರ್ದೇಶನ, ಡ್ವೇನ್ ಜಾನ್ಸನ್ ನಾಯಕ. ಈ ಹುಡುಗರು ಚಿಕ್ಕವರಿದ್ದಾಗ ಡಬ್ಲ್ಯುಡಬ್ಲ್ಯುಇ ಕಾರ್ಡುಗಳಲ್ಲಿ ‘ದಿ ರಾಕ್’ ಎಂದು ಕೂಡಿಟ್ಟು ಆಡಿದ ಅದೇ ಪೈಲ್ವಾನ. ಮಾತೆಲ್ಲ ಹಿಂದಿಯಲ್ಲಿತ್ತು. ಆ ಚಿತ್ರ ತೆರೆಗೆ ಬಂದಾಗ ಪರಭಾಷೆಯ ಸಿನಿಮಾಕ್ಕೆ ಕನ್ನಡದ ಧ್ವನಿ ಕೊಡುವ ದಾರಿ ನಮ್ಮಲ್ಲಿ ಮುಚ್ಚಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸರಿಯಲ್ಲ ಎಂದು ಆದೇಶ ಮಾಡಿದ ಮೇಲೆ ಬಾಗಿಲು ಮೆಲ್ಲಗೆ ತೆರೆಯಿತು. ಹಾಗಾಗಿ ಸವದತ್ತಿ ಸೀಮೆಯ ಹುಡುಗನಿಗೆ ಗ್ರೀಸಿನ ವೀರ ಮುಂಬೈಯ ಹಿಂದಿಯಲ್ಲಿ ಪರಿಚಯವಾದ. ನನಗೆ ಅದು ಇವತ್ತಿಗೂ ಕಸಿವಿಸಿಯ ಸಂಗತಿ.

ನಾನು ಕುಳಿತಾಗ ಕಥೆ ಕೊನೆಯ ಘಟ್ಟಕ್ಕೆ ಬಂದಿತ್ತು. ಎರಡು ಕಂಬಗಳ ನಡುವೆ ಹರ್ಕ್ಯುಲಿಸನನ್ನು ದಪ್ಪ ಸಂಕೋಲೆಗಳಲ್ಲಿ ಬಿಗಿದಿದ್ದಾರೆ. ಕಣ್ಣೆದುರಿಗೇ ಒಬ್ಬ ಹೆಣ್ಣುಮಗಳ ತಲೆ ಕಡಿಯಲು ಕೊಡಲಿ ಎತ್ತಿದೆ. ಸಂಗಡಿಗನಾದ ಮುದಿ ಕಣಿಗಾರ ಪಂಜರದೊಳಗಿಂದ ಕೂಗಿ ಕೇಳುತ್ತಾನೆ: ನೀನು ಬರೀ ಕಥೆಯೋ, ಆ ಕಥೆಯ ಹಿಂದಿನ ನಿಜವೋ? ನೀನು ಯಾರು? ಅಂವ ಎದೆಯಾಳದಿಂದ ತನ್ನ ಹೆಸರು ಕೂಗುತ್ತಾನೆ, ಕಲ್ಲಿನೊಳಗಿಂದ ಸಂಕೋಲೆ ಕಿತ್ತು ಬರುತ್ತದೆ.

‘ಥೇಟ್ ನಮ್ಮೂರ ದೊಡ್ಡಾಟ ಐತಿ ನೋಡ್ರಿ ಸರ್ರ’ ಎಂದ ಸವದತ್ತಿ ಕಡೆಯ ಹುಡುಗ.

ನಾನು ಆ ಮಾತನ್ನು ಕೆಳಗೆ ಬಂದ ಮೇಲೂ ಮೆಲುಕು ಹಾಕಿದೆ. ದೊಡ್ಡಾಟ ಕಂಡವರಿಗೆ ಅಂವ ಹೇಳಿದ್ದು ಎಷ್ಟು ಖರೆ ಎಂದು ಗೊತ್ತಾಗುತ್ತದೆ. ಹಲಗೆ ಹಾಸಿದ ಅಟ್ಟ. ಇಬ್ಬರು ಹಿಡಿದ ತೆರೆ. ತೆರೆಯ ಹಿಂದೆ ಭೀಮನೋ ದುರ್ಯೋಧನನೋ ಕಾಲು ಅಪ್ಪಳಿಸಿದರೆ ಹಲಗೆ ನಡುಗಿ ಮುಂದೆ ಕುಳಿತ ಕೂಸುಗಳು ಅವ್ವನ ಸೆರಗು ಹಿಡಿಯುತ್ತವೆ. ತೆರೆ ಸರಿಯುತ್ತದೆ. ಕಿರೀಟ, ಭುಜಕೀರ್ತಿ, ಎದೆಕಟ್ಟು, ಕನ್ನಡಿ ಚೂರುಗಳ ಮಿರಿಮಿರಿ. ಅಷ್ಟು ದೊಡ್ಡ ವೀರ ಬಂದು ನಿಂತರೂ ಸಾರಥಿ ಬಿಡುವುದಿಲ್ಲ. ತಾವು ಯಾರು, ಯಾವ ದೇಶದವರು, ತಮ್ಮ ನಾಮಾಂಕಿತವೇನು ಎಂದು ಕೇಳಲೇಬೇಕು, ವೀರ ಹೇಳಲೇಬೇಕು. ಹೇಳಿದ ಮೇಲೆಯೇ ಅಂವ ಭೀಮ. ಅಲ್ಲಿಯ ತನಕ ಅಂವ ಹಗಲೆಲ್ಲ ಹೊಲದಲ್ಲಿ ದುಡಿದು ಬಂದ ನಮ್ಮ ಓಣಿಯ ಮನುಷ್ಯ. ಹಾಲಿವುಡ್ಡಿನ ಆ ಚಿತ್ರ ನೂರು ನಿಮಿಷದಲ್ಲಿ ಹೇಳಲು ಹೊರಟಿದ್ದೂ ಇದನ್ನೇ.

ಚಿತ್ರದ ಮೂಲ ಸ್ಟೀವ್ ಮೂರ್ ಬರೆದ ಕಾಮಿಕ್ ಪುಸ್ತಕ, ‘ಥ್ರೇಸಿನ ಯುದ್ಧಗಳು’. ಸಿನಿಮಾದ ಹರ್ಕ್ಯುಲಿಸ್ ದೇವರ ಮಗನಲ್ಲ, ಕೂಲಿ ಯೋಧ. ರೊಕ್ಕ ಕೊಟ್ಟ ರಾಜನ ಪರ ಹೊಡೆದಾಡುವವನು. ಒಂಬತ್ತು ಹೆಡೆಯ ಹೈಡ್ರಾ ಎಂದರೆ ಹಾವಿನ ಮುಖವಾಡ ತೊಟ್ಟ ಕಳ್ಳರು. ಅರ್ಧ ಮನುಷ್ಯ ಅರ್ಧ ಕುದುರೆ ಎಂದು ಊರವರು ಹೆದರಿದ ಸೆಂಟಾರುಗಳು ಹತ್ತಿರ ಬಂದಾಗ ಬರೀ ಕುದುರೆ ಸವಾರರು. ಮೊದಲ ಕಾಳಗದಲ್ಲಿ ಅಂವ ಒಬ್ಬನೇ ಕಡಲ್ಗಳ್ಳರ ಹಿಂಡನ್ನು ಉರುಳಿಸಿದಂತೆ ಕಾಣುತ್ತದೆ. ನೆರಳಿನಲ್ಲಿ ಅವನ ಜೊತೆಗಾರರು ಬಾಣ, ಕತ್ತಿ ಎಸೆಯುತ್ತಿರುತ್ತಾರೆ. ಇದೆಲ್ಲವನ್ನೂ ಪವಾಡವನ್ನಾಗಿ ಮಾಡುವವನು ಸೋದರಳಿಯ ಅಯೊಲಾಸ್. ಅವನ ಕೈಯಲ್ಲಿ ಆಯುಧವಿಲ್ಲ, ನಾಲಿಗೆ ಇದೆ. ಊರೂರಿನಲ್ಲಿ ಮಾವನ ಕಥೆ ಹೇಳುವುದೇ ಅವನ ಕೆಲಸ. ಕಥೆ ಮುಂದೆ ಹೋಗಿ ಹೆದರಿಕೆ ಹುಟ್ಟಿಸಿದರೆ ಹಿಂದಿನಿಂದ ಬರುವ ಸೈನ್ಯಕ್ಕೆ ಅರ್ಧ ಕೆಲಸ ಮುಗಿದಂತೆ.

ಅಯೊಲಾಸನನ್ನು ನೋಡಿದಾಗ ನನಗೆ ನಮ್ಮ ಲಾವಣಿಕಾರರು, ಗೀಗೀ ಮೇಳದವರು ನೆನಪಾದರು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ ಕಂಪನಿ ಸರಕಾರಕ್ಕೆ ಅವನ ಹೆಸರು ಅಲ್ಲಿಗೆ ಮುಗಿಯಬೇಕಿತ್ತು. ಡಪ್ಪು ತುಂತುಣಿ ಹಿಡಿದವರು ಮುಗಿಸಗೊಡಲಿಲ್ಲ. ನಂದಗಡದ ಆಲದ ಮರಕ್ಕೆ ಇವತ್ತಿಗೂ ಜನ ತೊಟ್ಟಿಲು ಕಟ್ಟಿ ಮಕ್ಕಳ ಫಲ ಬೇಡುತ್ತಾರೆ. ಮನುಷ್ಯ ಹೇಗೆ ದೇವರಾಗುತ್ತಾನೆ ಎಂಬುದನ್ನು ಕಿತ್ತೂರ ಸೀಮೆಯವರಿಗೆ ಹಾಲಿವುಡ್ಡು ಬಂದು ಹೇಳಬೇಕಿಲ್ಲ.

ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಗ್ರೀಕರ ಈ ವೀರ ನಮ್ಮ ದೇಶಕ್ಕೆ ಸಿನಿಮಾದ ಮೂಲಕ ಬಂದವನಲ್ಲ. ಮೌರ್ಯರ ಕಾಲದಲ್ಲಿ ಬಂದ ಮೆಗಸ್ತನೀಸ್ ಇಲ್ಲಿಯ ಬಯಲುನಾಡಿನ ಜನ ಹೆರಾಕ್ಲೀಸನನ್ನು, ಅಂದರೆ ಹರ್ಕ್ಯುಲಿಸನನ್ನು, ಪೂಜಿಸುತ್ತಾರೆ ಎಂದು ಬರೆದ. ಅಂವ ಕಂಡದ್ದು ಮಥುರೆಯ ಕೃಷ್ಣನನ್ನು ಎಂದು ಬಹಳ ವಿದ್ವಾಂಸರು ಹೇಳುತ್ತಾರೆ. ಗಾಂಧಾರದ ಶಿಲ್ಪಿಗಳು ಸಿಂಹದ ಚರ್ಮ ಹೊದ್ದ ಅದೇ ವೀರನನ್ನು ಬುದ್ಧನ ಪಕ್ಕದಲ್ಲಿ ವಜ್ರಪಾಣಿಯಾಗಿ ನಿಲ್ಲಿಸಿದರು. 1964ರಲ್ಲಿ ದಾರಾ ಸಿಂಗ್ ಹಿಂದಿಯಲ್ಲಿ ಹರ್ಕ್ಯುಲಿಸ್ ಆದರು, ಮರುವರ್ಷವೇ ‘ಮಹಾಭಾರತ’ದಲ್ಲಿ ಭೀಮನಾದರು. ನಮ್ಮ ಅಪ್ಪಂದಿರ ಕಾಲದ ಧಾರವಾಡದಲ್ಲಿ ಹರ್ಕ್ಯುಲಿಸ್ ಎಂದರೆ ಸೈಕಲ್ಲು. ಹಾಲಿನ ಕ್ಯಾನು ತೂಗುಹಾಕಿಕೊಂಡು ಹೊತ್ತು ಮೂಡುವ ಮೊದಲೇ ಹಳ್ಳಿಗಳಿಂದ ಊರೊಳಗೆ ಬರುತ್ತಿದ್ದ ಕರೀ ಸೈಕಲ್ಲು.

ಕನ್ನಡ ನಾಡಿಗೂ ಗ್ರೀಕ್ ಕಥೆಗೂ ಅದಕ್ಕಿಂತ ಬೆರಗಿನ ನಂಟೊಂದಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ ಕ್ರಿ.ಶ. 2ನೇ ಶತಮಾನದ ಪಪೈರಸ್ ಒಂದರಲ್ಲಿ ಗ್ರೀಕ್ ಪ್ರಹಸನವಿದೆ. 1903ರಲ್ಲಿ ಅದು ಅಚ್ಚಾಯಿತು. ಯೂರಿಪಿಡೀಸನ ಇಫಿಗೇನಿಯಾ ಕಥೆಯನ್ನು ತಿರುವುಮುರುವು ಮಾಡಿದ ಪ್ರಹಸನ ಅದು. ದೂರದೇಶದ ದೇವಿಯ ಗುಡಿಯಲ್ಲಿ ಸೆರೆಸಿಕ್ಕ ಖಾರಿಶನ್ ಎಂಬ ಹೆಣ್ಣುಮಗಳನ್ನು ಬಿಡಿಸಲು ಅವಳ ಅಣ್ಣ ಹಡಗಿನಲ್ಲಿ ಬರುತ್ತಾನೆ; ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಅಲ್ಲಿಯ ರಾಜನ ಎಚ್ಚರ ತಪ್ಪಿಸುತ್ತಾರೆ. ಆ ದೂರದೇಶ ಹಿಂದೂ ಸಾಗರದ ಕರಾವಳಿ. ರಾಜ ಮತ್ತು ಅವನ ಮಂದಿಯ ಬಾಯಲ್ಲಿ ಗ್ರೀಕ್ ಅಲ್ಲದ ಮಾತುಗಳಿವೆ. ಅವು ಕನ್ನಡ ಎಂದು ಶಾಸನತಜ್ಞ ಹುಲ್ಷ್ 1904ರಲ್ಲಿ ವಾದಿಸಿದ. ಮಂಜೇಶ್ವರದ ಗೋವಿಂದ ಪೈಗಳು ಆ ಮಾತುಗಳ ಬೆನ್ನು ಹತ್ತಿ ಬರೆದರು. ಒಪ್ಪದ ವಿದ್ವಾಂಸರೂ ಇದ್ದಾರೆ, ವಾದ ಇವತ್ತಿಗೂ ಮುಗಿದಿಲ್ಲ. ಆದರೂ ಗ್ರೀಕ್ ಕಥೆಯೊಂದನ್ನು ಹೊಸದಾಗಿ ಕಟ್ಟುವಾಗ ಯಾರೋ ಒಬ್ಬ ಆಟದವನು ನಮ್ಮ ಕಡಲ ಕಡೆ ನೋಡಿದ್ದ ಎಂದು ನೆನೆದಾಗಲೆಲ್ಲ ನನ್ನ ಮೈ ಜುಂ ಎನ್ನುತ್ತದೆ.

ಸಿನಿಮಾಕ್ಕೆ ಮರಳುತ್ತೇನೆ. ದೇವರನ್ನು ಕಳಚಿ ವೀರನನ್ನು ಮನುಷ್ಯನಾಗಿ ನಿಲ್ಲಿಸಿದ್ದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ತೋಳಗಳ ಬಗ್ಗೆ.

ಗ್ರೀಕರ ಕಥೆಯಲ್ಲಿ ಹರ್ಕ್ಯುಲಿಸ್ ತನ್ನ ಮಕ್ಕಳನ್ನು ತಾನೇ ಕೊಲ್ಲುತ್ತಾನೆ. ಹೇರಾ ದೇವಿ ಕಳಿಸಿದ ಹುಚ್ಚು ಅವನ ತಲೆಗೇರಿ, ಎದುರಿಗಿರುವುದು ಶತ್ರುವಿನ ಮಕ್ಕಳೆಂದು ತಿಳಿದು, ಬಿಲ್ಲು ಎತ್ತುತ್ತಾನೆ, ಗದೆ ಎತ್ತುತ್ತಾನೆ. ಸಾಮಾನ್ಯವಾಗಿ ಹೇಳುವ ಕಥೆಯ ಪ್ರಕಾರ ಹನ್ನೆರಡು ಸಾಹಸಗಳೂ ಆ ಪಾಪದ ಪ್ರಾಯಶ್ಚಿತ್ತ. ಹೆರಾಕ್ಲೀಸ್ ಎಂಬ ಹೆಸರಿನ ಅರ್ಥವೇ ‘ಹೇರಾಳ ಕೀರ್ತಿ’. ತನ್ನನ್ನು ಹಾಳುಮಾಡಿದವಳ ಹೆಸರನ್ನೇ ಹೊತ್ತು ತಿರುಗಬೇಕಾದವನು ಅಂವ. ಸಿನಿಮಾದಲ್ಲಿಯೂ ಬಹಳ ಹೊತ್ತಿನ ತನಕ ಅಂವ ಆ ಸಂಶಯದಲ್ಲಿ ಬೇಯುತ್ತಾನೆ. ನೆತ್ತರಾದ ನೆಲ, ಹೆಂಡತಿ ಮಕ್ಕಳ ಹೆಣ, ತನ್ನ ಕೈ. ನಾನೇ ಮಾಡಿದೆನೇ? ಕನಸಿನಲ್ಲಿ ಮೂರು ತಲೆಯ ನಾಯಿ. ಆ ಭಾಗದಲ್ಲಿ ಜಾನ್ಸನ್ನನ ದೊಡ್ಡ ಮುಖ ನಿಜಕ್ಕೂ ದಣಿದಂತೆ ಕಾಣುತ್ತದೆ, ಅದನ್ನು ನಾನು ಮನಸಾರೆ ಮೆಚ್ಚಿದೆ. ಕಡೆಗೆ ರಾಜ ಯೂರಿಸ್ತಿಯಸ್ ಬಂದು ಒಪ್ಪಿಕೊಳ್ಳುತ್ತಾನೆ: ನಿನಗೆ ಮದ್ದು ಹಾಕಿ, ನನ್ನ ಮೂರು ತೋಳಗಳನ್ನು ಬಿಟ್ಟವನು ನಾನು. ಮೂರು ತಲೆಯ ನಾಯಿ ಎಂದರೆ ಆ ಮೂರು ತೋಳಗಳು. ವೀರ ನಿರ್ದೋಷಿ. ಸಂಕೋಲೆ ಕಿತ್ತು ಬಂತು, ತೋಳಗಳು ಸತ್ತವು, ರಾಜ ಸತ್ತ, ಹೇರಾಳ ಪರ್ವತದಂಥ ವಿಗ್ರಹ ಮೆಟ್ಟಿಲ ಮೇಲೆ ಉರುಳಿತು. ಕೋಣೆಯೊಳಗೆ ಹುಡುಗರು ಸಿಳ್ಳೆ ಹಾಕಿದರು.

ನನಗೆ ಸಿಳ್ಳೆ ಹಾಕಲಾಗಲಿಲ್ಲ. ದೇವರನ್ನು ಕಳಚುವ ಭರದಲ್ಲಿ ಅವನ ಪಾಪವನ್ನೂ ಕಳಚಿಬಿಟ್ಟರಲ್ಲ ಎಂದು ಸಂಕಟವಾಯಿತು. ಯೂರಿಪಿಡೀಸ್ ಎರಡು ಸಾವಿರದ ನಾನೂರು ವರ್ಷಗಳ ಹಿಂದೆ ಈ ವೀರನ ಮೇಲೆ ನಾಟಕ ಬರೆದಾಗ ಸಾಹಸಗಳನ್ನೆಲ್ಲ ಮೊದಲೇ ಮುಗಿಸಿ, ಮಕ್ಕಳ ಕೊಲೆಯನ್ನು ಆಮೇಲೆ ಇಟ್ಟ. ಪ್ರಾಯಶ್ಚಿತ್ತ ಮಾಡಿಕೊಳ್ಳಲು ಇನ್ನು ಯಾವ ಸಾಹಸವೂ ಉಳಿದಿಲ್ಲ. ಎಚ್ಚರಾದ ಹೆರಾಕ್ಲೀಸ್ ಮುಸುಕು ಹಾಕಿಕೊಂಡು ನೆಲದ ಮೇಲೆ ಕುಳಿತಿರುತ್ತಾನೆ. ಗೆಳೆಯ ಥೀಸಿಯಸ್ ಬರುತ್ತಾನೆ. ನನ್ನನ್ನು ಮುಟ್ಟಬೇಡ, ಪಾಪ ಅಂಟೀತು ಎಂದರೂ ಕೇಳದೆ ಮುಸುಕು ತೆಗೆಸುತ್ತಾನೆ, ಕೈ ಹಿಡಿದು ಎಬ್ಬಿಸಿ ಅಥೆನ್ಸಿಗೆ ಕರೆದೊಯ್ಯುತ್ತಾನೆ. ಸಾಯಬೇಕೆಂದಿದ್ದವನು ಬದುಕುವುದಕ್ಕೆ ಒಪ್ಪುತ್ತಾನೆ. ಸಿಂಹ ಕೊಂದದ್ದು, ಹಾವು ಕೊಂದದ್ದು ಒಂದು ತೂಕವಾದರೆ ಆ ಒಪ್ಪಿಗೆಯೇ ಒಂದು ತೂಕ. ಹಾಲಿವುಡ್ಡು ಅದನ್ನು ತೋಳಗಳಿಗೆ ಹಾಕಿತು.

ಧಾರವಾಡದಲ್ಲಿ ಕುಳಿತು ಈ ಮಾತು ಬರೆಯುವಾಗ ಬಿ.ಎಂ. ಶ್ರೀಕಂಠಯ್ಯನವರನ್ನು ನೆನೆಯದೆ ಇರಲಾಗದು. 1911ರಲ್ಲಿ, ಇನ್ನೂ 27ರ ಪ್ರಾಯದಲ್ಲಿ, ಅವರು ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಭಾಷಣ ಮಾಡಿದ್ದು ನಮ್ಮ ವಿದ್ಯಾವರ್ಧಕ ಸಂಘದಲ್ಲಿ. ಕಡೆಗಾಲದಲ್ಲಿ ಕೆ.ಎಲ್.ಇ. ಸಂಸ್ಥೆಯ ಕಾಲೇಜಿಗೆ ಪ್ರಾಂಶುಪಾಲರಾಗಿ ಬಂದು, 1946ರ ಜನವರಿ 5ರಂದು ಕಣ್ಣು ಮುಚ್ಚಿದ್ದೂ ಈ ಊರಿನಲ್ಲಿ. ಆ ಎರಡು ಧಾರವಾಡಗಳ ನಡುವಿನ ವರ್ಷಗಳಲ್ಲಿ ಅವರು ಮಾಡಿದ ಸಾಹಸವೊಂದನ್ನು ನಾವು ಮರೆತ ಹಾಗಿದೆ. ಗ್ರೀಕ್ ವೀರನನ್ನು ಕನ್ನಡದಲ್ಲಿ ಹೊಸದಾಗಿ ಕಡೆದು ನಿಲ್ಲಿಸಿದವರು ಅವರು.

ಸೊಫೊಕ್ಲಿಸನ ‘ಅಜಾಕ್ಸ್’ ನಾಟಕದ ಕಥೆ ಹೀಗಿದೆ. ಟ್ರಾಯ್ ಯುದ್ಧದಲ್ಲಿ ಅಕಿಲಿಸ್ ಸತ್ತ ಮೇಲೆ ಅವನ ಆಯುಧಗಳು ತನಗೆ ಸಲ್ಲಬೇಕು ಎಂದು ಅಜಾಕ್ಸ್ ನಂಬಿದ್ದ. ಅವು ಒಡಿಸ್ಸಿಯಸನ ಪಾಲಾದವು. ಅವಮಾನದಿಂದ ಕುದಿದು ರಾತ್ರಿ ದಂಡನಾಯಕರನ್ನೆಲ್ಲ ಕೊಲ್ಲಲು ಹೊರಟ. ಅಥೀನಾ ದೇವಿ ಅವನ ಕಣ್ಣಿಗೆ ಮಂಕು ಕವಿಸಿದಳು. ಇಡೀ ರಾತ್ರಿ ಅಂವ ಕೊಂದದ್ದು ದಂಡಿನ ದನ, ಕುರಿಗಳನ್ನು. ಬೆಳಗಾಗಿ ಮಂಕು ಹರಿದಾಗ ನೆತ್ತರಿನ ನಡುವೆ ಕುಳಿತ ಆ ವೀರನಿಗೆ ಮುಖ ಎತ್ತಲಾಗಲಿಲ್ಲ. ಕಡಲ ದಂಡೆಗೆ ಹೋಗಿ ತನ್ನ ಖಡ್ಗದ ಮೇಲೆ ತಾನೇ ಬಿದ್ದ.

ಇದನ್ನು ಓದಿದಾಗ ಬಿಎಂಶ್ರೀಯವರಿಗೆ ಕಂಡದ್ದು ಅಶ್ವತ್ಥಾಮ. ಅಂವನೂ ಒಂದು ರಾತ್ರಿ ಹೊರಟವನೇ. ಪಾಂಡವರನ್ನು ಕೊಲ್ಲಲು ಹೋಗಿ ದ್ರೌಪದಿಯ ಐದು ಮಕ್ಕಳನ್ನು ಮಲಗಿದಲ್ಲೇ ಕೊಂದವನು. ಅಜಾಕ್ಸನಿಗೆ ಕುರಿ ಸಿಕ್ಕವು, ಅಶ್ವತ್ಥಾಮನಿಗೆ ಕೂಸುಗಳು. ಈ ಹೋಲಿಕೆಯ ಎಳೆ ಹಿಡಿದು 1929ರಲ್ಲಿ ‘ಅಶ್ವತ್ಥಾಮನ್’ ಬರೆದರು. ಅಜಾಕ್ಸನ ಹೆಂಡತಿ ಟೆಕ್ಮೆಸ್ಸಾ ಇಲ್ಲಿ ಭಾರ್ಗವಿಯಾದಳು. ತಮ್ಮನ ಜಾಗಕ್ಕೆ ಏಕಲವ್ಯ ಬಂದ. ಭಾಷೆ ಹಳಗನ್ನಡ. ಎಲ್ಲಕ್ಕಿಂತ ದೊಡ್ಡ ಎದೆಗಾರಿಕೆ ಎಂದರೆ, ಚಿರಂಜೀವಿ ಎಂದು ದೇಶವೆಲ್ಲ ನಂಬಿದ ಅಶ್ವತ್ಥಾಮನನ್ನು ಅವರು ಸಾಯಿಸಿದ್ದು. ವ್ಯಾಸರ ಕಥೆಯಲ್ಲಿ ಅವನಿಗೆ ಸಾವಿಲ್ಲ, ಸಾವಿಲ್ಲದ್ದೇ ಅವನಿಗೆ ಶಿಕ್ಷೆ. ಹಣೆಯ ಮಣಿ ಕಿತ್ತ ಗಾಯ ಹೊತ್ತು ಮೂರು ಸಾವಿರ ವರ್ಷ ಒಂಟಿಯಾಗಿ ಅಲೆ ಎಂದು ಕೃಷ್ಣನ ಶಾಪ. ಗಾಯಕ್ಕೆ ಎಣ್ಣೆ ಬೇಡುತ್ತಾ ಇನ್ನೂ ತಿರುಗುತ್ತಾನೆ ಎಂದು ನಂಬುವ ಜನ ಇವತ್ತಿಗೂ ಇದ್ದಾರೆ. ಬಿಎಂಶ್ರೀ ಆ ಚಿರಂಜೀವಿತ್ವವನ್ನು ಕಿತ್ತು, ನಾಚಿಕೆಯಿಂದ ಸಾಯುವ ಹಕ್ಕನ್ನು ಅವನಿಗೆ ಕೊಟ್ಟರು. ಪುರಾಣ ಕೆಡಿಸಿದರು ಎಂಬ ಆಕ್ಷೇಪಣೆಯೂ ಬಂತು.

ನನ್ನ ಮಟ್ಟಿಗೆ ಅದು ಕೆಡಿಸಿದ್ದಲ್ಲ. ಹಾಲಿವುಡ್ಡಿನವರು ಹರ್ಕ್ಯುಲಿಸನಿಗೆ ಮಾಡಿದ್ದನ್ನು, ಬಿಎಂಶ್ರೀ ಅಶ್ವತ್ಥಾಮನಿಗೆ ಮಾಡಿದ್ದನ್ನು ಎದುರುಬದುರು ಇಟ್ಟು ನೋಡಿ. ಇಬ್ಬರೂ ಹಳೆಯ ಕಥೆಯ ದೊಡ್ಡ ಗೂಟವೊಂದನ್ನು ಕಿತ್ತಿದ್ದಾರೆ. ಬಿಎಂಶ್ರೀ ಕಿತ್ತದ್ದು ವರವನ್ನು, ಅಪರಾಧ ಹಾಗೇ ಇದೆ, ಇನ್ನಷ್ಟು ಭಾರವಾಗಿದೆ. ಹಾಲಿವುಡ್ಡಿನವರು ಕಿತ್ತದ್ದು ಅಪರಾಧವನ್ನು.

‘ಅಶ್ವತ್ಥಾಮನ್’ಗೂ ಮೂರು ವರ್ಷ ಮೊದಲು, 1926ರಲ್ಲಿ, ಬಿಎಂಶ್ರೀ ‘ಗದಾಯುದ್ಧ ನಾಟಕಂ’ ಬರೆದಿದ್ದರು. ಮುಧೋಳದ ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಸಾವಿರ ವರ್ಷಗಳ ಹಿಂದೆ ಬರೆದ ಕಾವ್ಯದಲ್ಲಿ ನಾಯಕ ಭೀಮನೇ. ಆದರೆ ಓದುವವರ ಕರುಳು ಹಿಂಡುವವನು ರಣರಂಗದಲ್ಲಿ ತಮ್ಮಂದಿರ, ಮಕ್ಕಳ, ಕರ್ಣನ ಹೆಣಗಳನ್ನು ನೋಡುತ್ತ ನಡೆಯುವ ದುರ್ಯೋಧನ. ಗ್ರೀಕ್ ನಾಟಕ ಓದಿದ ಕಣ್ಣಿಗೆ ಅಲ್ಲಿ ರುದ್ರನಾಟಕದ ನಾಯಕ ಎದ್ದು ಕಂಡ. ಅವನೇ ನಡುವೆ ನಿಲ್ಲುವಂತೆ ರನ್ನನ ಕಾವ್ಯವನ್ನು ನಾಟಕವಾಗಿ ಬಿಗಿದರು. ಅಲ್ಲಿಂದೀಚೆಗೆ ದುರ್ಯೋಧನನನ್ನು ಬರೀ ‘ಖಳ’ ಎಂದು ತಳ್ಳಿಹಾಕುವುದು ಸುಲಭವಾಗಲಿಲ್ಲ. 2019ರಲ್ಲಿ ತೆರೆಕಂಡ ‘ಕುರುಕ್ಷೇತ್ರ’ ಚಿತ್ರಕ್ಕೆ ಆಧಾರ ರನ್ನನ ‘ಗದಾಯುದ್ಧ’. ಅಲ್ಲಿ ನಾಯಕ ದುರ್ಯೋಧನ, ಪಾತ್ರಧಾರಿ ದರ್ಶನ್. ಅಂಬರೀಷ್ ಭೀಷ್ಮರಾಗಿದ್ದರು, ಅವರು ತೀರಿಕೊಂಡ ಮೇಲೆ ಬಿಡುಗಡೆಯಾದ ಚಿತ್ರ ಅದು. ಆ ಸಾಹಸ ಚಿತ್ರದ ದುರ್ಯೋಧನನ ಮೈಯಲ್ಲಿ ಒಂದು ತೊಟ್ಟು ಗ್ರೀಕ್ ರಕ್ತ ಇದೆ ಎಂದು ನಾನು ನಂಬುತ್ತೇನೆ. ಅದು ಬಿಎಂಶ್ರೀಯವರ ದಾರಿಯಿಂದ ಬಂದದ್ದು.

ಪವಾಡ ಕಳಚುವ ಕೆಲಸವನ್ನಂತೂ ಕನ್ನಡ ಹಾಲಿವುಡ್ಡಿಗಿಂತ ಮೂರೂವರೆ ದಶಕ ಮೊದಲೇ ಮಾಡಿತ್ತು. ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ ಪಾಠ ಹೇಳುತ್ತ ವೃತ್ತಿ ಶುರುಮಾಡಿದ ಎಸ್.ಎಲ್. ಭೈರಪ್ಪನವರ ‘ಪರ್ವ’ ಬಂದದ್ದು 1979ರಲ್ಲಿ. ಅಲ್ಲಿ ಅಕ್ಷಯಾಂಬರವಿಲ್ಲ, ಸೂರ್ಯನಿಂದ ಹುಟ್ಟಿದ ಕರ್ಣನಿಲ್ಲ, ಬಾಣದಿಂದ ಬೆಂಕಿ ಬರುವುದಿಲ್ಲ. ವಯಸ್ಸಾದ, ಮೈ ಬಳಲಿದ ಮನುಷ್ಯರು ಯುದ್ಧಕ್ಕೆ ಸಿದ್ಧರಾಗುತ್ತಾರೆ. ದೇವರನ್ನು ತೆಗೆದ ಮೇಲೆ ಮಾಡಿದ್ದರ ಹೊಣೆ ಹೊರಲು ಮನುಷ್ಯನಲ್ಲದೆ ಬೇರೆ ಯಾರೂ ಉಳಿಯುವುದಿಲ್ಲ ಎಂದು ಆ ಕಾದಂಬರಿಗೆ ಗೊತ್ತಿತ್ತು. ಹೆಣ ಕೊಳೆತ ನಾತ ಪುಟಗಳಿಂದ ಏಳುತ್ತದೆ, ಮಕ್ಕಳನ್ನು ಕಳೆದುಕೊಂಡ ದ್ರೌಪದಿಯ ಮುಂದೆ ಗೆಲುವು ಎಂಬ ಮಾತಿಗೆ ಅರ್ಥವಿರುವುದಿಲ್ಲ. ಅಲ್ಲಿ ಯಾರೂ ಬಂದು ಇದನ್ನು ಮಾಡಿದ್ದು ತೋಳ ಎಂದು ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ಸವದತ್ತಿ ಕಡೆಯ ಆ ಹುಡುಗ ಬಾಡಿಗೆ ಕೊಡಲು ಕೆಳಗೆ ಬಂದ. ಕೂಡಿಸಿ, ಚಹಾ ಕೊಟ್ಟು, ಯೂರಿಪಿಡೀಸನ ಕಥೆ ಹೇಳಿದೆ. ಸುಮ್ಮನೆ ಕೇಳಿ, ‘ಖರೇನ ಅಂವನ ಕೊಂದಿದ್ದ ಅಂತ ತೋರ್ಸಿದ್ರ ನಾವ್ ಸಿಳ್ಳಿ ಹಾಕತಿದ್ವೇನ್ರಿ ಸರ್ರ?’ ಎಂದ. ಒಳ್ಳೆಯ ಪ್ರಶ್ನೆ. ಟಿಕೆಟ್ಟು ಮಾರುವವರೂ ಬಹುಶಃ ಅದನ್ನೇ ಕೇಳಿಕೊಂಡಿರಬೇಕು. ನಾನು ಉತ್ತರ ಹೇಳಲು ಹೋಗದೆ ಅಶ್ವತ್ಥಾಮನ ಕಥೆ ಹೇಳಿದೆ. ಆಗ ಅಂವ ತನ್ನ ಅಜ್ಜ ದೊಡ್ಡಾಟದಲ್ಲಿ ಮೂವತ್ತು ವರ್ಷ ದುರ್ಯೋಧನನ ಪಾತ್ರ ಮಾಡಿದವನು ಎಂದು ಹೇಳಿ, ಅಲ್ಲೇ ಕುಳಿತು ಫೋನು ಹಚ್ಚಿದ. ಸ್ಪೀಕರ್ ಹಾಕಿದ.

‘ಅಜ್ಜಾ, ಅಶ್ವತ್ಥಾಮ ತಲಿ ತರ್ತಾನಲ್ಲ, ಆ ಆಟ ಹೆಂಗ ಮಾಡತಿದ್ರಿ?’

ಅಜ್ಜನಿಗೆ ಎಂಬತ್ತು ದಾಟಿದೆಯಂತೆ, ದನಿ ಮಾತ್ರ ಅಟ್ಟದ ಮೇಲಿನದೇ. ನೆಲಕ್ಕೆ ಬಿದ್ದ ದುರ್ಯೋಧನನ ಮುಂದೆ ಅಶ್ವತ್ಥಾಮ ಕೆಂಪು ಅರಿವೆಯ ಗಂಟು ತಂದು ಬಿಚ್ಚುತ್ತಾನೆ. ಒಳಗೆ ಐದು ತೆಂಗಿನಕಾಯಿ, ಅವೇ ತಲೆಗಳು. ಇಕಾ, ಪಾಂಡವರ ತಲೆ ಎನ್ನುತ್ತಾನೆ. ದುರ್ಯೋಧನ ಹಿಗ್ಗಿ, ಭೀಮನದು ಯಾವುದು ಕೊಡು ಎಂದು ಒಂದನ್ನು ಕೈಯಲ್ಲಿ ಹಿಡಿಯುತ್ತಾನೆ, ತೂಗಿ ನೋಡುತ್ತಾನೆ.

‘ಹಿಡದ ಕೂಡ್ಲೇ ಗೊತ್ತಾಕ್ಕತಿ ತಮಾ, ಇದು ಭೀಮನ ತಲಿ ಅಲ್ಲ, ಕೂಸಿನ ತಲಿ ಅಂತ. ಅಲ್ಲಿ ನಾ ಮಾತ ಆಡತಿದ್ದಿಲ್ಲ. ಹಿಮ್ಮೇಳದವ್ರು ಮದ್ದಳಿ ನಿಲ್ಲಸ್ತಿದ್ರು. ಮಂದಿನೂ ಗಪ್ಪ ಕುಂಡರತಿತ್ತು.’

‘ಆಮ್ಯಾಲ ಆ ಕಾಯಿ ಏನ್ ಮಾಡತಿದ್ರಿ ಅಜ್ಜಾ? ಒಡದು ಹಂಚತಿದ್ರೇನ?’

ಫೋನಿನಲ್ಲಿ ಸ್ವಲ್ಪ ಹೊತ್ತು ಮಳೆಯ ಸಪ್ಪಳ ಮಾತ್ರ ಕೇಳಿತು. ಅವರ ಊರಿನಲ್ಲೂ ಮಳೆ ಹಿಡಿದಿರಬೇಕು.

‘ಯಾರ ತಿಂತಾರೋ ಅವನ್ನ? ಬೆಳಗಾಗೂದ್ರಾಗ ಮುಖದ ಬಣ್ಣ ತೊಳ್ಕೊಂಡು, ಐದೂ ಕಾಯಿ ಅರಿಬ್ಯಾಗ ಕಟ್ಟಿ, ಹಳ್ಳಕ್ಕ ಬಿಟ್ಟ ಬರತಿದ್ವಿ. ಅಶ್ವತ್ಥಾಮನ ಪಾರ್ಟ್ ಮಾಡಿದಂವನ ಒಯ್ಯಬೇಕು. ನಾವೆಲ್ಲಾ ಅವನ ಹಿಂದ ಹೊಕ್ಕಿದ್ವಿ.’